ಬಿಟ್ಟ ಸ್ಟೇರಿಂಗ್ ಮತ್ತೆ ಹಿಡಿಯುವ ಮುನ್ನ

ಬಳ್ಳಾರಿಯ ಅದಿರು ಲಾರಿಗಳ ಪಾಠ. ಮರಳುವ ಚಾಲಕರಿಗೆ ದಿಲ್ಲಿ ಕನ್ನಡಿಗರ ನೆರವು ಹೇಗೆ?

ಹೊಸದಿಲ್ಲಿ: ಕಿದ್ವಾಯಿ ನಗರದ ಕನ್ನಡಿಗರ ಮನೆಗಳಿಗೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಮಳೆ-ಬೆಳೆ, ಮದುವೆ-ಮುಂಜಿಯ ಸುದ್ದಿಯ ಜತೆಗೆ ಕೆಲಸದ ವಿಚಾರಣೆಯೂ ಇರುತ್ತದೆ. ದಿಲ್ಲಿಯಲ್ಲಿ ಸರಕಾರಿ ನೌಕರಿಯಲ್ಲಿರುವವರಿಗೆ ಕಾಯ್ದೆ, ಕಾಗದಪತ್ರ ಎಲ್ಲವೂ ಗೊತ್ತು ಎಂಬುದು ಊರಿನವರ ನಂಬಿಕೆ. ಹತ್ತು ವರ್ಷ ಲಾರಿ ಓಡಿಸಿ, ಆಮೇಲೆ ಆ ಕೆಲಸ ಬಿಟ್ಟು ಏಳೆಂಟು ವರ್ಷವಾದವರು ಮತ್ತೆ ಸ್ಟೇರಿಂಗ್ ಹಿಡಿಯಬಹುದೇ ಎಂಬುದು ಅಂಥ ಒಂದು ಪ್ರಶ್ನೆ. ಹಿಡಿಯಬಹುದು. ಆದರೆ ಬಿಟ್ಟ ದಿನ ಇದ್ದ ಲೈಸೆನ್ಸ್ ಇಂದು ನಡೆಯದಿರಬಹುದು. ಬಿಟ್ಟ ದಿನ ಇದ್ದ ಲಾರಿ ಇಂದು ಇಲ್ಲ, ರಸ್ತೆಯ ಕಾನೂನೂ ಅದಲ್ಲ. ಇದನ್ನು ತಿಳಿಯದೆ ಹತ್ತಿದರೆ ದುಡಿಮೆಯ ಬದಲು ಸಾಲ ಕುತ್ತಿಗೆಗೆ ಬೀಳುತ್ತದೆ.

ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಬಡಾವಣೆ ರಿಂಗ್ ರೋಡ್ ಮತ್ತು ಅರಬಿಂದೋ ಮಾರ್ಗದ ಮಗ್ಗುಲಲ್ಲಿದೆ. ಪೂರ್ವ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸ್ ಕೆಡವಿ ಎನ್‌ಬಿಸಿಸಿ ಬಹುಮಹಡಿ ಕಟ್ಟಡಗಳನ್ನು ಕಟ್ಟಿದೆ. ದಿಲ್ಲಿಯಲ್ಲಿ ಹಗಲು ಹೊತ್ತು ಭಾರಿ ಲಾರಿಗಳಿಗೆ ನಿರ್ಬಂಧ ಇರುವುದರಿಂದ ಇಲ್ಲಿನ ನಿವಾಸಿಗಳಿಗೆ ಲಾರಿಯ ಸದ್ದು ಕೇಳುವುದು ರಾತ್ರಿ ಊಟವಾದ ಮೇಲೆ. ಕನ್ನಡನಾಡಿನ ಸಾವಿರಾರು ಲಾರಿಗಳನ್ನು ಒಮ್ಮೆಲೇ ನಿಲ್ಲಿಸಿ, ವರ್ಷಗಳ ನಂತರ ಮತ್ತೆ ಓಡಿಸಿದ ಆದೇಶಗಳು ಹೊರಟದ್ದೂ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ತಿಲಕ್ ಮಾರ್ಗದ ಸುಪ್ರೀಂ ಕೋರ್ಟಿನಿಂದಲೇ.

ತಿಲಕ್ ಮಾರ್ಗದ ಆದೇಶ, ಸಂಡೂರಿನ ಲಾರಿ

2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂತು. ಸಂಡೂರು, ಹೊಸಪೇಟೆ, ಬಳ್ಳಾರಿಯ ಗಣಿಗಳಿಂದ ಹೊರಟ ಲಾರಿಗಳು ಆಗಿನ ರಾಷ್ಟ್ರೀಯ ಹೆದ್ದಾರಿ 63ರಲ್ಲಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಾಟಿ ಇಳಿದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಸಾಲುಗಟ್ಟಿ ಸಾಗುತ್ತಿದ್ದವು. ಹೊಲ ಮನೆ ಒತ್ತೆ ಇಟ್ಟು ಲಾರಿ ಕೊಂಡವರಿದ್ದರು. ಕ್ಲೀನರ್ ಆಗಿ ಸೇರಿದ ಹುಡುಗರು ಒಂದೆರಡು ವರ್ಷದಲ್ಲಿ ಚಾಲಕರಾದರು. ಟ್ರಿಪ್ಪಿನ ಲೆಕ್ಕದಲ್ಲಿ ಹಣ. ಹೆಚ್ಚು ಟ್ರಿಪ್ಪು, ಹೆಚ್ಚು ಲೋಡು ಎಂಬುದೇ ಆ ಕಾಲದ ಮಂತ್ರ.

2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ಅಂತಿಮ ವರದಿ ಸಲ್ಲಿಸಿದರು. ಎರಡೇ ದಿನಗಳಲ್ಲಿ, ಜುಲೈ 29ರಂದು, ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿತು.

ಕಾಡು, ಕೆರೆ, ರಸ್ತೆ ಹಾಳಾಗಿದ್ದ ಜಿಲ್ಲೆಗೆ ಅದು ಬೇಕಾಗಿದ್ದ ಆದೇಶ. ಆದರೆ ಅಕ್ರಮದ ಲಾಭದಲ್ಲಿ ಪಾಲಿಲ್ಲದ ಚಾಲಕ, ಕ್ಲೀನರ್, ಗ್ಯಾರೇಜಿನವರು, ಪಂಕ್ಚರ್ ಅಂಗಡಿಯವರು, ಹೆದ್ದಾರಿ ಬದಿಯ ಹೋಟೆಲಿನವರು ಎಲ್ಲರ ಕೆಲಸವೂ ಅದರೊಂದಿಗೆ ನಿಂತಿತು. ಕಂತು ಕಟ್ಟಲಾಗದೆ ಲಾರಿಗಳು ಫೈನಾನ್ಸ್ ಕಂಪನಿಗಳ ಅಂಗಳ ಸೇರಿದವು. ಚಾಲಕರಲ್ಲಿ ಕೆಲವರು ಹೊಲಕ್ಕೆ ಮರಳಿದರು. ಕೆಲವರು ಆಟೋ, ಟ್ರ್ಯಾಕ್ಟರ್, ಜೆಸಿಬಿ ಹಿಡಿದರು. ಕೆಲವರು ಬೆಂಗಳೂರಿನ ದಾರಿ ಹಿಡಿದರು.

ಮರಳಿದಾಗ ಕಂಡದ್ದು

2013ರ ಏಪ್ರಿಲ್ 18ರ ತೀರ್ಪಿನಲ್ಲಿ ನ್ಯಾಯಾಲಯ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಗಂಭೀರ ಅಕ್ರಮದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವಕ್ಕೆ ಷರತ್ತಿನ ಮೇಲೆ ಅನುಮತಿ ದೊರೆಯಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿಗೆ 50 ಲಕ್ಷ ಟನ್ ಎಂಬ ಮಿತಿ ಬಂತು. ಈ ಮಿತಿ 2017ರಲ್ಲೂ 2022ರಲ್ಲೂ ಏರಿತು. 2022ರ ಮೇ 20ರಂದು ರಫ್ತಿನ ನಿಷೇಧವೂ ತೆರವಾಯಿತು. ಲಾರಿಗಳು ಮತ್ತೆ ಓಡತೊಡಗಿದವು. ಬಿಟ್ಟುಹೋದವರಿಗೂ ಮರಳುವ ದಾರಿ ತೆರೆಯಿತು.

ಆದರೆ ಅವರ ಹಳೆಯ ಕೆಲಸ ಅಲ್ಲಿ ಹಾಗೆಯೇ ಉಳಿದಿರಲಿಲ್ಲ. ಅದಿರು ಮಾರಾಟ ಇ-ಹರಾಜಿಗೆ ಬಂದಿತ್ತು. ಪರ್ಮಿಟ್ ಇಲ್ಲದೆ, ತೂಕವಿಲ್ಲದೆ ಲಾರಿ ಗಣಿಯ ಗೇಟು ದಾಟುವಂತಿರಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಒಯ್ಯಲು ಪೈಪ್ ಕನ್ವೇಯರ್ ಬಂದಿದೆ. ಲಾರಿ ಹೊರುತ್ತಿದ್ದ ಹೊರೆಯ ಒಂದು ಪಾಲನ್ನು ಈಗ ಅದೇ ಹೊರುತ್ತದೆ. ಹಳೆಯ ಮಂತ್ರ ನಂಬಿ ಬಂದವರಿಗೆ ಇಲ್ಲಿ ಜಾಗ ಕಡಿಮೆ. ನಿಯಮ ಕಲಿತು ಬಂದವರಿಗೆ ಇದೆ. ಅದಿರು ಲಾರಿಗೆ ಮಾತ್ರವಲ್ಲ, ತೆಂಗಿನಕಾಯಿ, ಈರುಳ್ಳಿ, ಸಿಮೆಂಟು ಹೊರುವ ಯಾವುದೇ ಲಾರಿಗೆ ಮರಳುವವರಿಗೂ ಈ ಮಾತು ಸಲ್ಲುತ್ತದೆ.

ಕಾರ್ಡಿನ ಮೇಲೆ ಎರಡು ದಿನಾಂಕ

ಮೊದಲು ನೋಡಬೇಕಾದದ್ದು ಲೈಸೆನ್ಸ್ ಕಾರ್ಡು. ಅದರಲ್ಲಿ ಸ್ವಂತ ಬಳಕೆಯ ವಾಹನಕ್ಕೆ ಒಂದು, ಸಾರಿಗೆ ವಾಹನಕ್ಕೆ ಒಂದು, ಹೀಗೆ ಎರಡು ಅವಧಿಗಳಿರುತ್ತವೆ. ಮೊದಲನೆಯದರ ಪಕ್ಕ 'ಎನ್‌ಟಿ', ಎರಡನೆಯದರ ಪಕ್ಕ 'ಟಿಆರ್' ಎಂದಿರುತ್ತದೆ. ಎನ್‌ಟಿ ದಿನಾಂಕ ಇನ್ನೂ ಹತ್ತು ವರ್ಷ ದೂರ ಇರುವುದನ್ನು ಕಂಡು ಎಲ್ಲವೂ ಸರಿಯಿದೆ ಎಂದು ತಿಳಿಯುವವರೇ ಹೆಚ್ಚು. ಲಾರಿಗೆ ಬೇಕಾದದ್ದು ಟಿಆರ್ ದಿನಾಂಕ. ಅದರ ಅವಧಿ ಹಿಂದೆ 3 ವರ್ಷ ಇತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ 5 ವರ್ಷ.

ಅದೇ ತಿದ್ದುಪಡಿ ಇನ್ನೆರಡು ಬದಲಾವಣೆ ತಂದಿತು. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಊರ್ಜಿತವಾಗಿರುತ್ತಿತ್ತು. ಆ ರಿಯಾಯಿತಿ ಹೋಯಿತು. ಹಿಂದೆ ಅವಧಿ ಮುಗಿದು 5 ವರ್ಷದೊಳಗೆ ಹೋದರೆ ಚಾಲನಾ ಪರೀಕ್ಷೆ ಇಲ್ಲದೆ ನವೀಕರಣ ಆಗುತ್ತಿತ್ತು. ಈಗ ಆ ಗಡುವು 1 ವರ್ಷ. ಒಂದು ವರ್ಷ ದಾಟಿದರೆ ಪರೀಕ್ಷೆ ಕೊಟ್ಟು ಪಾಸಾಗಲೇಬೇಕು. ಕೊರೊನಾ ಕಾಲದಲ್ಲಿ 2020ರ ಫೆಬ್ರವರಿ 1ರ ನಂತರ ಅವಧಿ ಮುಗಿದ ದಾಖಲೆಗಳಿಗೆ ಕೇಂದ್ರ ಸರಕಾರ ಪದೇ ಪದೇ ವಿಸ್ತರಣೆ ಕೊಟ್ಟಿತ್ತು. ಅದೂ 2021ರ ಅಕ್ಟೋಬರ್ 31ಕ್ಕೆ ಮುಗಿದಿದೆ. ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಅಲ್ಲೇ ಉಳಿದವರು ಇದನ್ನು ಗಮನಿಸಬೇಕು.

ಒಂದು ಒಳ್ಳೆಯ ಸುದ್ದಿಯೂ ಇದೆ. ಸಾರಿಗೆ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲೇ ತೆಗೆದುಹಾಕಲಾಗಿದೆ. ಶಾಲೆಯ ಮೆಟ್ಟಿಲು ಹತ್ತದವರು ಆ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಆದರೆ ವೈದ್ಯರು ಪರೀಕ್ಷಿಸಿ ಸಹಿ ಹಾಕಿದ 'ನಮೂನೆ 1-ಎ' ಪ್ರಮಾಣಪತ್ರ ಬೇಕು. ಪೆಟ್ರೋಲು, ಗ್ಯಾಸ್, ರಾಸಾಯನಿಕದ ಟ್ಯಾಂಕರ್ ಓಡಿಸುವವರಿಗೆ ಅಪಾಯಕಾರಿ ಸರಕಿನ ಪ್ರತ್ಯೇಕ ತರಬೇತಿ ಮತ್ತು ಲೈಸೆನ್ಸಿನಲ್ಲಿ ಅದರ ನಮೂದು ಇರಬೇಕು. ಆ ಲೈಸೆನ್ಸಿನ ಅವಧಿ 3 ವರ್ಷ.

ಪರೀಕ್ಷೆಗೆ ಕಾಯುವ ದಿನಗಳಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪಿನಂತೆ, ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋದ ಒಳಗಿನ ಸರಕು ವಾಹನವನ್ನು ಬೇರೆ ನಮೂದಿಲ್ಲದೆ ಓಡಿಸಬಹುದು. ಪಿಕಪ್, ಸಣ್ಣ ಟೆಂಪೊ ಓಡಿಸುತ್ತ ಕೈ ಕುದುರಿಸಿಕೊಳ್ಳುವುದು ವರ್ಷಗಳ ಬಿಡುವಿನ ನಂತರ ಜಾಣತನವೂ ಹೌದು.

ಅವಧಿ ಮೀರಿದ ಲೈಸೆನ್ಸಿನ ಬೆಲೆ

ಲೈಸೆನ್ಸ್ ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ ಮೊದಲು 500 ರೂಪಾಯಿ ಇದ್ದ ದಂಡ 2019ರಿಂದ 5,000 ಆಗಿದೆ. ಓಡಿಸಲು ಕೊಟ್ಟ ಮಾಲೀಕರಿಗೂ ಅಷ್ಟೇ. ಇದು ಸಣ್ಣ ಮಾತು. ದೊಡ್ಡದು ವಿಮೆಯದು. ಅಪಘಾತವಾಗಿ ದಾರಿಹೋಕರೊಬ್ಬರು ಸತ್ತರೆ ಅವರ ಮನೆಯವರಿಗೆ ವಿಮಾ ಕಂಪನಿ ಹಣ ಕೊಡುತ್ತದೆ. ಚಾಲಕನ ಲೈಸೆನ್ಸ್ ಊರ್ಜಿತವಾಗಿರಲಿಲ್ಲ, ಅದನ್ನು ನೋಡದೆ ಮಾಲೀಕರು ಲಾರಿ ಕೊಟ್ಟರು ಎಂದಾದರೆ ಆ ಹಣವನ್ನು ಕಂಪನಿ ಮಾಲೀಕರಿಂದ ವಸೂಲು ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಿಂದ ಈ ದಾರಿ ಗಟ್ಟಿಯಾಗಿದೆ. ನಜ್ಜುಗುಜ್ಜಾದ ಸ್ವಂತ ಲಾರಿಯ ವಿಮೆಯೂ ಕೈತಪ್ಪಬಹುದು. ಒಂದೇ ಲಾರಿಯ ಮಾಲೀಕರಿಗೆ ಇದು ಮನೆ ಮಾರುವ ಮಾತು. ಹಳೆಯ ಪರಿಚಯವೆಂದು ಕಾರ್ಡು ನೋಡದೆ ಕೀಲಿ ಕೊಡುವವರೂ, ಕೊಟ್ಟರೆಂದು ಹತ್ತುವವರೂ ಇಬ್ಬರೂ ಇದನ್ನು ತಿಳಿದಿರಬೇಕು.

ಲಾರಿಯೂ ಬೇರೆ, ರಸ್ತೆಯೂ ಬೇರೆ

ಹತ್ತು ವರ್ಷದ ಹಿಂದೆ ಬಿಟ್ಟವರು ಇಂದು ಕ್ಯಾಬಿನ್ ಹತ್ತಿದರೆ ಮೊದಲು ಕಾಣುವುದು ಡ್ಯಾಶ್‌ಬೋರ್ಡಿನ ದೀಪಗಳು. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಜಿನ್ ಕಡ್ಡಾಯವಾಯಿತು. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಟ್ಯಾಂಕು. ಅದಕ್ಕೆ ಚಾಲಕರು ಯೂರಿಯಾ ಎನ್ನುವ ದ್ರವ ತುಂಬಬೇಕು. ಅದು ಮುಗಿದರೆ ಎಂಜಿನ್ ತಾನಾಗಿ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ಲೋಡು ಹೊತ್ತ ಲಾರಿ ಘಾಟಿಯಲ್ಲಿ ತೆವಳುತ್ತದೆ. ಹಳೆಯ ಲಾರಿಯಲ್ಲಿ ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗಿ ಸರಿಪಡಿಸಿದ ಎಷ್ಟೋ ತೊಂದರೆಗಳಿಗೆ ಇಂದು ಕಂಪ್ಯೂಟರ್ ಜೋಡಿಸಿ ನೋಡುವ ಮೆಕ್ಯಾನಿಕ್ ಬೇಕು. 2015ರ ನಿಯಮದಂತೆ ಹೊಸ ಲಾರಿಗಳಿಗೆ ವೇಗ ನಿಯಂತ್ರಕ ಬಂದಿದೆ. ಗಂಟೆಗೆ 80 ಕಿಲೋಮೀಟರ್ ದಾಟುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕೂಡ ಕಡ್ಡಾಯ. ಎಂಜಿನ್ ಕಾವಿನಲ್ಲಿ ಬೆಂದ ಹಳಬರಿಗೆ ಇದೊಂದು ಸಮಾಧಾನ.

ಕಾಗದಪತ್ರವೂ ಬದಲಾಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯ ಗಡಿಗಳ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಅದರ ಬದಲು 2018ರ ಏಪ್ರಿಲ್ 1ರಿಂದ, 50,000 ರೂಪಾಯಿಗೆ ಮೀರಿದ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯಲು ಇ-ವೇ ಬಿಲ್ ಬೇಕು. 2021ರಿಂದ ಅದರ ಲೆಕ್ಕ 200 ಕಿಲೋಮೀಟರಿಗೆ ಒಂದು ದಿನ. ಟಯರ್ ಸಿಡಿದೋ, ರಸ್ತೆ ತಡೆಯೋ ಆಗಿ ಲಾರಿ ನಿಂತರೂ ಬಿಲ್ಲಿನ ಅವಧಿ ಓಡುತ್ತಲೇ ಇರುತ್ತದೆ. ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಬೇಕು. ಆದ್ದರಿಂದ ನಿಂತ ಕೂಡಲೇ ಮಾಲೀಕರಿಗೆ ಫೋನ್ ಮಾಡುವುದು ಚಾಲಕನ ಹೊಸ ಕರ್ತವ್ಯ. 2021ರ ಫೆಬ್ರವರಿಯಿಂದ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿರುವುದರಿಂದ ಲಾರಿ ಎಷ್ಟು ಹೊತ್ತಿಗೆ ಎಲ್ಲಿತ್ತು ಎಂಬುದೂ ದಾಖಲಾಗುತ್ತದೆ.

ಲೋಡಿನ ಮಾತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ತೂಕದ ಮಿತಿ ಏರಿಸಿತು. ಹತ್ತು ಗಾಲಿಯ ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ ಆಯಿತು. ಮರುವರ್ಷವೇ ಮಿತಿ ಮೀರಿದ ಲೋಡಿನ ದಂಡವನ್ನು ಕಾಯ್ದೆಯಲ್ಲಿ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ಎಂದು ಮಾಡಲಾಯಿತು. ಅದಿರಿನ ಕಾಲದ ಅಭ್ಯಾಸ ಇಂದು ಒಂದೇ ತಪಾಸಣೆಯಲ್ಲಿ ತಿಂಗಳ ದುಡಿಮೆ ನುಂಗಬಲ್ಲದು.

ದಿಲ್ಲಿಗೆ ಲೋಡು ತರುವವರಿಗೆ

ಬೆಂಗಳೂರಿನಿಂದ ದಿಲ್ಲಿಗೆ ಎರಡು ದೊಡ್ಡ ದಾರಿಗಳು. ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಹೈದರಾಬಾದ್, ನಾಗಪುರ, ಝಾನ್ಸಿ ಮೂಲಕ ಹೆದ್ದಾರಿ 44. ಹಳಬರು ಇದರ ದಕ್ಷಿಣದ ಭಾಗವನ್ನು ಏಳನೇ ನಂಬರ್ ಎಂದೇ ನೆನಪಿಟ್ಟಿದ್ದಾರೆ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಜೈಪುರ ಮೂಲಕ ಹೆದ್ದಾರಿ 48. ಇದು ಹಿಂದಿನ ನಾಲ್ಕು ಮತ್ತು ಎಂಟನೇ ನಂಬರು. ನಂಬರ್ ಬದಲಾದದ್ದು 2010ರಲ್ಲಿ.

2018ರಲ್ಲಿ ಪೂರ್ವ ಮತ್ತು ಪಶ್ಚಿಮದ ಹೊರವರ್ತುಲ ಎಕ್ಸ್‌ಪ್ರೆಸ್‌ವೇಗಳು ಸಿದ್ಧವಾದ ಮೇಲೆ ಪಂಜಾಬ್, ಹಿಮಾಚಲಕ್ಕೆ ಹೋಗುವ ಲಾರಿಗಳು ದಿಲ್ಲಿಯೊಳಗೆ ಬರಬೇಕಾಗಿಲ್ಲ. ಒಳಗೆ ಬರುವ ಸರಕು ವಾಹನಗಳಿಗೆ 2015ರಲ್ಲಿ ಸುಪ್ರೀಂ ಕೋರ್ಟು ಪರಿಸರ ಪರಿಹಾರ ಶುಲ್ಕ ವಿಧಿಸಿತು. 2025ರ ನವೆಂಬರ್ 1ರಿಂದ ದಿಲ್ಲಿಯ ಹೊರಗೆ ನೋಂದಣಿಯಾದ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಸರಕು ವಾಹನಗಳಿಗೆ ಪ್ರವೇಶವೇ ಇಲ್ಲವೆಂದಾಗಿದೆ. ಚಳಿಗಾಲದಲ್ಲಿ ಹೊಗೆ ಹೆಚ್ಚಾದರೆ ಇನ್ನಷ್ಟು ನಿರ್ಬಂಧ ಬೀಳುತ್ತದೆ. ಆದ್ದರಿಂದ ಊರಲ್ಲಿ ಲೋಡು ಹತ್ತಿಸುವ ಮೊದಲೇ ಲಾರಿಯ ಆರ್‌ಸಿಯಲ್ಲಿ ಯಾವ ಬಿಎಸ್ ಎಂದು ನೋಡಬೇಕು. ಗಡಿಯಲ್ಲಿ ನಿಂತು ಕೇಳಿದರೆ ಪ್ರಯೋಜನವಿಲ್ಲ.

ಕಣ್ಣು, ಸೊಂಟ, ನಿದ್ದೆ

ಇಪ್ಪತ್ತೈದರಲ್ಲಿ ಬಿಟ್ಟು ನಲವತ್ತರಲ್ಲಿ ಮರಳುವವರ ಕೈಗೆ ಗೇರ್ ಮರೆತಿರುವುದಿಲ್ಲ. ಹಿಮ್ಮುಖವಾಗಿ ಸಂದಿಯೊಳಗೆ ಲಾರಿ ನುಗ್ಗಿಸುವುದು, ಟಾರ್ಪಾಲಿನ ಹಗ್ಗ ಬಿಗಿಯುವುದು, ಇಳಿಜಾರಿನಲ್ಲಿ ಬ್ರೇಕಿಗಿಂತ ಗೇರನ್ನು ನಂಬುವುದು ಒಂದೆರಡು ವಾರದಲ್ಲಿ ಮರಳಿ ಬರುತ್ತವೆ. ಮರಳಿ ಬರದಿರುವುದು ಹಳೆಯ ಕಣ್ಣು. ಎದುರಿನ ಲಾರಿಯ ದೀಪ ಹೊಡೆದ ಮೇಲೆ ಕಣ್ಣು ಮತ್ತೆ ಹೊಂದಿಕೊಳ್ಳಲು ವಯಸ್ಸಾದಂತೆ ಹೆಚ್ಚು ಹೊತ್ತು ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೂ ಗೊತ್ತಿರುವುದಿಲ್ಲ. ನಮೂನೆ 1-ಎಗೆ ಹೇಗೂ ವೈದ್ಯರ ಬಳಿ ಹೋಗಬೇಕು. ಸಹಿ ಹಾಕಿಸಿಕೊಂಡು ಬರುವ ಬದಲು ಕಣ್ಣು, ಸಕ್ಕರೆ, ಬಿ.ಪಿ. ಮೂರನ್ನೂ ನಿಜವಾಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ರಾತ್ರಿ ಎರಡರಿಂದ ಐದು ಗಂಟೆ ದೇಹ ನಿದ್ದೆ ಬೇಡುವ ಹೊತ್ತು. ಟೀ, ಗುಟ್ಕಾ ಅದನ್ನು ಮುಂದೂಡಬಹುದೇ ಹೊರತು ತಡೆಯಲಾರವು. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು 1961ರ ಕಾಯ್ದೆಯೇ ಹೇಳಿತ್ತು. ಹೆದ್ದಾರಿಯಲ್ಲಿ ಅದನ್ನು ಪಾಲಿಸಿದವರು ಕಡಿಮೆ. ಹಾಗಾಗಿ ಕೆಲಸಕ್ಕೆ ಸೇರುವ ದಿನವೇ ಮಾಲೀಕರ ಬಳಿ ಕೆಲವು ವಿಷಯ ಬಾಯಿಬಿಟ್ಟು ಕೇಳಿಕೊಳ್ಳಬೇಕು: ದೂರದ ಟ್ರಿಪ್ಪಿಗೆ ಎರಡನೇ ಚಾಲಕರು ಇರುತ್ತಾರೆಯೇ, ಸಂಬಳ ತಿಂಗಳಿಗೋ ಟ್ರಿಪ್ಪಿಗೋ, ಬಾಟಾ ಎಷ್ಟು, ಲೋಡು ಸಿಗದೆ ನಿಂತ ದಿನಗಳ ಊಟದ ಖರ್ಚು ಯಾರದು, ಓವರ್‌ಲೋಡಿನ ದಂಡ ಯಾರ ತಲೆಗೆ. ಹಳೆಯ ಕಾಲದ ಸಂಕೋಚ ಇಲ್ಲಿ ಬೇಡ.

ಮರಳಲು ಹಿಂಜರಿಯುವವರು ಕೇಳುವ ಇನ್ನೊಂದು ಪ್ರಶ್ನೆ ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷ ಜೈಲು ಎಂಬ ಕಲಮಿನದು. ಅದರ ವಿರುದ್ಧ 2024ರ ಜನವರಿ ಮೊದಲ ವಾರ ದೇಶದ ಹಲವೆಡೆ ಚಾಲಕರು ಲಾರಿ ನಿಲ್ಲಿಸಿದ್ದರು. ಆ ವರ್ಷ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ 106ನೇ ಕಲಮಿನ ಆ ಎರಡನೇ ಉಪಕಲಮನ್ನು ಸರಕಾರ ತಡೆಹಿಡಿಯಿತು. ಆದರೆ ಗಾಯಾಳುವನ್ನು ಬಿಟ್ಟು ಓಡಬಾರದು, ಪೊಲೀಸರಿಗೆ ತಿಳಿಸಬೇಕು ಎಂಬ ಹೊಣೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ.

ಸಂಘಗಳು ಏನು ಮಾಡಬಹುದು?

ಲೈಸೆನ್ಸ್ ನವೀಕರಣದ ಅರ್ಜಿ ಇಂದು 'ಸಾರಥಿ' ಅಂತರ್ಜಾಲ ತಾಣದ ಮೂಲಕ ಸಾಗುತ್ತದೆ. ಲಾರಿಯ ಗೇರಿಗೆ ಹೆದರದವರು ಅರ್ಜಿಯ ಕಾಲಂ ಕಂಡು ಹೆದರುತ್ತಾರೆ. ಹೀಗೆ ಹೆದರಿದವರ ಹಣವೇ ದಲ್ಲಾಳಿಗಳ ಪಾಲಾಗುವುದು. ಕಿದ್ವಾಯಿ ನಗರ, ಸರೋಜಿನಿ ನಗರ, ಆರ್.ಕೆ. ಪುರಂ ಕಡೆಯ ಕನ್ನಡಿಗರಲ್ಲಿ ಅರ್ಜಿ ಬರೆಯುವುದರಲ್ಲೇ ಆಯುಷ್ಯ ಕಳೆದ ನಿವೃತ್ತ ನೌಕರರು ಬೇಕಾದಷ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ತಾಸು ಫೋನಿನ ಬಳಿ ಕುಳಿತರೆ ಊರಿನ ಚಾಲಕರ ಕಾರ್ಡಿನ ಎರಡು ದಿನಾಂಕ ನೋಡಿ ಹೇಳಬಹುದು, ಅರ್ಜಿ ತುಂಬಿಸಬಹುದು.

ದಿಲ್ಲಿಯಲ್ಲೇ ನೆಲೆಸಿ ಮರಳಬೇಕೆಂದಿರುವವರಿಗೆ ಬುರಾಡಿಯಲ್ಲಿ ದಿಲ್ಲಿ ಸಾರಿಗೆ ಇಲಾಖೆ ಮತ್ತು ಅಶೋಕ್ ಲೇಲ್ಯಾಂಡ್ ಸೇರಿ ಸ್ಥಾಪಿಸಿದ ಚಾಲಕ ತರಬೇತಿ ಸಂಸ್ಥೆ ಇದೆ. ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಲಾರಿ ಆಫೀಸುಗಳಿರುವ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದ ಕಡೆಗೂ ಆಜಾದ್‌ಪುರ ಮಂಡಿಗೂ ಕಿದ್ವಾಯಿ ನಗರದ ಪಕ್ಕದ ಐಎನ್‌ಎ ನಿಲ್ದಾಣದಿಂದ ಮೆಟ್ರೋದ ಹಳದಿ ಮಾರ್ಗದಲ್ಲಿ ರೈಲು ಬದಲಿಸದೆ ಹೋಗಬಹುದು. ಭಾಷೆ ತಿಳಿಯದ ಊರಿನವರ ಜತೆ ಮೊದಲ ದಿನ ಒಬ್ಬರು ಹೋಗಿಬಂದರೂ ಅದು ದೊಡ್ಡ ಉಪಕಾರ.

ಸಾಮಾಜಿಕ ಭದ್ರತೆಯನ್ನೂ ಮರೆಯಬಾರದು. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರಕಾರ 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ನೋಂದಣಿ ಆರಂಭಿಸಿತು. ಕರ್ನಾಟಕ ಸರಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾಯ್ದೆ ಮಾಡಿದೆ. ಚಾಲಕರ ಜತೆಗೆ ಕ್ಲೀನರ್, ಗ್ಯಾರೇಜ್ ಕೆಲಸಗಾರರೂ ಅದರಲ್ಲಿ ಬರುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರುವ ದಿನವೇ ಈ ನೋಂದಣಿಗಳನ್ನೂ ಮಾಡಿಸಿಬಿಟ್ಟರೆ ಅಪಘಾತವಾದಾಗ ಮನೆಯವರು ಕಚೇರಿ ಕಚೇರಿ ಅಲೆಯುವುದು ತಪ್ಪುತ್ತದೆ.

2011ರಲ್ಲಿ ಬಳ್ಳಾರಿಯ ಚಾಲಕರಿಗೆ ಕೆಲಸ ನಿಲ್ಲುವ ಮುನ್ಸೂಚನೆ ಸಿಗಲಿಲ್ಲ. ಮರಳುವಾಗ ತಯಾರಿಗೆ ಸಮಯ ಇದೆ. ಊರಿನಿಂದ ಫೋನ್ ಬಂದಾಗ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳೋಣ: ಕಾರ್ಡಿನಲ್ಲಿ ಟಿಆರ್ ಎಂದಿರುವ ಕಡೆ ಯಾವ ದಿನಾಂಕ ಇದೆ? ಅವಧಿ ಮುಗಿದು ಇನ್ನೂ ವರ್ಷ ತುಂಬಿಲ್ಲವಾದರೆ ಅರ್ಜಿಯನ್ನು ಆ ವಾರವೇ ಹಾಕಿಸಬೇಕು.